ಮಾರ್ಕರ್ ಹೌದು ಅಂದಿತು, ಗಿಡ ಒಣಗಿತು: ಅಂಗಮಾರಿ ನಿರೋಧಕ ಭತ್ತದಲ್ಲಿ ತಪ್ಪು ಹುಡುಕುವ ಬಗೆ

ಮಾರ್ಕರ್ ಅಂದರೆ ಗಿಡದಲ್ಲಿ ಜೀನ್ ಇದೆಯೋ ಇಲ್ಲವೋ ತೋರಿಸುವ ಡಿಎನ್‌ಎ ಗುರುತು. ಅದರ ಫಲಿತಾಂಶ ಜೆಲ್ ಮೇಲೆ ಪಟ್ಟಿಯಾಗಿ, ಅಂದರೆ ಬ್ಯಾಂಡ್ ಆಗಿ ಕಾಣುತ್ತದೆ. ಜೆಲ್ ಫೋಟೋದಲ್ಲಿ ನಿರೋಧಕ ಬ್ಯಾಂಡ್ ಚೆಂದಾಗಿ ಕಾಣುತ್ತಿದೆ. ಅದೇ ಗಿಡ ಗದ್ದೆಯಲ್ಲಿ ಎಲೆ ತುದಿಯಿಂದ ಕೆಳಗಿನವರೆಗೆ ಹುಲ್ಲಿನ ಬಣ್ಣಕ್ಕೆ ತಿರುಗಿದೆ. ಭತ್ತದ ದುಂಡಾಣು ಅಂಗಮಾರಿ ಮೇಲೆ ಕೆಲಸ ಮಾಡುವವರಿಗೆ ಒಂದಲ್ಲ ಒಂದು ಹಂಗಾಮಿನಲ್ಲಿ ಈ ತಲೆನೋವು ಬಂದೇ ಬರುತ್ತದೆ. ಆಗ ಮೊದಲು ಬಾಯಿಗೆ ಬರುವ ಮಾತು, "ಜೀನ್ ಮುರಿದುಹೋಯ್ತು, ಹೊಸ ಬ್ಯಾಕ್ಟೀರಿಯಾ ಬಂದಿದೆ" ಅಂತ. ನಾನೂ ಒಂದು ಸಲ ತುಂಬಿದ ಮೀಟಿಂಗಿನಲ್ಲಿ ಹಾಗೆ ಹೇಳಿ, ಮುಂದಿನ ವಾರವೇ ಮಾತು ವಾಪಸ್ ತೆಗೆದುಕೊಂಡವನು. ಜೀನ್ ಮುರಿಯುವುದು, ಅಂದರೆ ಹೊಸ ಬ್ಯಾಕ್ಟೀರಿಯಾ ಅದನ್ನು ಮೀರಿಸುವುದು, ನಿಜ, ಆಗುತ್ತದೆ. ಆದರೆ ಅದು ಕೊನೆಯ ಅನುಮಾನ ಆಗಬೇಕು. ಅದಕ್ಕೆ ಮೊದಲು ನೋಡಬೇಕಾದ್ದು ಬಹಳ ಇದೆ, ಮತ್ತು ಅದರಲ್ಲಿ ಹೆಚ್ಚಿನವು ನಮ್ಮ ಕೈಯಿಂದಲೇ ಆದ ಎಡವಟ್ಟು.

ಯಾವ ಜೀನ್‌ಗಳ ಮಾತು ಇದು

ಬಿಪಿಟಿ 5204 ಅಂದರೆ ಸಾಂಬಾ ಮಸೂರಿ. ಆಂಧ್ರದ ಬಾಪಟ್ಲದಲ್ಲಿ ತಯಾರಾಗಿ 1986ರಲ್ಲಿ ಬಿಡುಗಡೆಯಾದ ತಳಿ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ, ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಇದರ ಹೆಸರು ಕೇಳದ ರೈತರಿಲ್ಲ. ಅಕ್ಕಿ ಸಣ್ಣ, ಅನ್ನ ಮೃದು, ಬೆಲೆಯೂ ಚೆನ್ನಾಗಿದೆ. ಆದರೆ ಅಂಗಮಾರಿ ಬಂದರೆ ತಡೆಯುವ ಶಕ್ತಿ ಇಲ್ಲ. ಹೈದರಾಬಾದಿನ ಭತ್ತ ಸಂಶೋಧನಾ ನಿರ್ದೇಶನಾಲಯ ಮತ್ತು ಸಿಸಿಎಂಬಿ (ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರ) ಸೇರಿ ಇದಕ್ಕೆ ಮೂರು ನಿರೋಧಕ ಜೀನ್ ಕೂಡಿಸಿ, 2008ರಲ್ಲಿ ಸುಧಾರಿತ ಸಾಂಬಾ ಮಸೂರಿಯನ್ನು ಹೊರತಂದವು. ಅದನ್ನೇ ದಾನಿಯಾಗಿ ಇಟ್ಟುಕೊಂಡು ಬೇರೆ ಬೇರೆ ತಳಿಗಳಿಗೆ ಈ ಜೀನ್ ಸಾಗಿಸುವ ಕೆಲಸ ಇವತ್ತಿಗೂ ನಡೆಯುತ್ತಿದೆ.

ಆ ಮೂರು ಜೀನ್‌ಗಳು ಎಕ್ಸ್‌ಎ21, ಎಕ್ಸ್‌ಎ13 ಮತ್ತು ಎಕ್ಸ್‌ಎ5. ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲನೆಯದಕ್ಕೆ ದೊಡ್ಡಕ್ಷರ, ಉಳಿದೆರಡಕ್ಕೆ ಚಿಕ್ಕಕ್ಷರ. ಕನ್ನಡದಲ್ಲಿ ಆ ಅನುಕೂಲ ಇಲ್ಲ, ಬಾಯಲ್ಲೇ ಹೇಳಬೇಕು: 21 ಪ್ರಬಲ, 13 ಮತ್ತು 5 ದುರ್ಬಲ, ಅಂದರೆ ಗಿಡದಲ್ಲಿರುವ ಜೀನ್‌ನ ಎರಡು ಪ್ರತಿಗಳಲ್ಲಿ ಪ್ರಬಲಕ್ಕೆ ಒಂದು ಸಾಕು, ದುರ್ಬಲಕ್ಕೆ ಎರಡೂ ಬೇಕು. ಈ ಒಂದು ಸಾಲು ಮರೆತಿದ್ದಕ್ಕೇ ಮುಂದೆ ಹೇಳುವ ಗೋಳಿನಲ್ಲಿ ಅರ್ಧ ನಡೆದದ್ದು.

ಅದು ಅಂಗಮಾರಿಯೇನಾ?

ನಗಬೇಡಿ. ಮೊದಲ ಪ್ರಶ್ನೆ ಇದೇ. ಪೊಟ್ಯಾಷ್ ಕೊರತೆಯಲ್ಲೂ ಎಲೆ ತುದಿ, ಅಂಚು ಹಳದಿಯಾಗಿ ಒಣಗುತ್ತದೆ. ಅಂಗಮಾರಿಯಲ್ಲಿ ಹಳದಿ ಪಟ್ಟೆ ತುದಿ ಅಥವಾ ಅಂಚಿನಿಂದ ಶುರುವಾಗಿ ಕೆಳಕ್ಕೆ ಇಳಿಯುತ್ತದೆ. ಒಳಗಿನ ಗೆರೆ ನೇರ ಇರುವುದಿಲ್ಲ, ಅಲೆ ಅಲೆಯಾಗಿರುತ್ತದೆ. ಬೆಳಿಗ್ಗೆ ಬೇಗ ಹೋದರೆ ಎಲೆ ಮೇಲೆ ಹಾಲಿನಂತಹ ಹನಿಗಳು ಕಾಣುತ್ತವೆ. ಬಿಸಿಲೇರಿದ ಮೇಲೆ ಅವೇ ಒಣಗಿ ಹಳದಿ ಕಾಳಿನಂತೆ ಅಂಟಿಕೊಂಡಿರುತ್ತವೆ.

ಸಂಶಯ ಇದ್ದರೆ ಗಾಜಿನ ಲೋಟ ಸಾಕು. ಎಲೆಯಲ್ಲಿ ಒಣಗಿದ ಭಾಗ ಮತ್ತು ಹಸಿರು ಭಾಗ ಸೇರುವ ಜಾಗವನ್ನು ಕತ್ತರಿಸಿ, ಕತ್ತರಿಸಿದ ಬಾಯಿ ನೀರಿನಲ್ಲಿ ಮುಳುಗುವ ಹಾಗೆ ಹಿಡಿಯಿರಿ. ಬೆಳಕಿಗೆ ಎದುರಾಗಿ ನೋಡುತ್ತಾ ಸ್ವಲ್ಪ ಹೊತ್ತು ಕಾದರೆ ಕತ್ತರಿಸಿದ ಬಾಯಿಂದ ಬಿಳಿ ದಾರದಂತೆ ಬ್ಯಾಕ್ಟೀರಿಯಾ ಇಳಿದು ಬರುತ್ತದೆ. ಕಾಲು ಗಂಟೆಯಲ್ಲಿ ನೀರು ಮಬ್ಬಾಗುತ್ತದೆ. ಕೊರತೆಯಿಂದ ಹಳದಿಯಾದ ಎಲೆಯಲ್ಲಿ ಏನೂ ಇಳಿಯುವುದಿಲ್ಲ. ಪೂರ್ತಿ ಒಣಗಿದ ಎಲೆ ತೆಗೆದುಕೊಂಡು ಈ ಪರೀಕ್ಷೆ ಮಾಡಿ "ಏನೂ ಬರಲಿಲ್ಲ" ಅನ್ನುವವರೂ ಇದ್ದಾರೆ. ಗಡಿ ಭಾಗವೇ ಬೇಕು.

ನಾಟಿ ಮಾಡಿದ ಹೊಸದರಲ್ಲಿ ಇಡೀ ಸಸಿ ಬಾಡಿ ಸಾಯುವ ರೂಪವೂ ಈ ರೋಗಕ್ಕಿದೆ. ಅದನ್ನು ಕಾಂಡ ಕೊರಕದ ಹಾವಳಿ ಅಂದುಕೊಳ್ಳುವುದು ಸುಲಭ. ಸುಳಿ ಹಿಡಿದು ಎಳೆಯಿರಿ. ಸಲೀಸಾಗಿ ಕಿತ್ತು ಬಂದು, ಬುಡದಲ್ಲಿ ಕೊರೆದ ಗುರುತಿದ್ದರೆ ಹುಳು. ಹಾಗೆ ಬಾರದೆ, ಬುಡ ಹಿಸುಕಿದರೆ ಹಳದಿ ಲೋಳೆ ಬಂದರೆ ಬ್ಯಾಕ್ಟೀರಿಯಾ.

ನೀವು ಪರೀಕ್ಷೆ ಮಾಡಿದ ಗಿಡವೇ ಇದಾ?

ಭತ್ತ ತನ್ನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವ ಬೆಳೆ, ಬೆರಕೆ ಆಗಲ್ಲ ಅಂತ ನೆಮ್ಮದಿಯಾಗಿರುತ್ತೇವೆ. ಆದರೆ ಬೆರಕೆ ಹೂವಿನಲ್ಲಿ ಆಗುವುದಕ್ಕಿಂತ ಕಣದಲ್ಲಿ ಆಗುವುದು ಜಾಸ್ತಿ. ಕಟಾವು ಯಂತ್ರದ ಮೂಲೆಯಲ್ಲಿ ಉಳಿದ ಹಿಂದಿನ ಗದ್ದೆಯ ಕಾಳು, ಒಂದೇ ಟಾರ್ಪಾಲಿನ ಮೇಲೆ ಒಣಗಿಸಿದ ಎರಡು ತಳಿ, ಎರಡನೇ ಸಲ ಬಳಸಿದ ಚೀಲ. ಇನ್ನೊಂದು, ಹಿಂದಿನ ಬೆಳೆಯಲ್ಲಿ ಉದುರಿದ ಕಾಳು ಮೊಳೆತು ನಾಟಿ ಸಾಲಿನ ನಡುವೆ ಏಳುವುದು. ಅದು ಸಾಲು ತಪ್ಪಿ ನಿಂತಿದ್ದರೆ ಗೊತ್ತಾಗುತ್ತದೆ, ಸಾಲಿನಲ್ಲೇ ಎದ್ದರೆ ದೇವರೇ ಗತಿ.

ಹಾಗಾಗಿ ರೋಗ ಹೇಗೆ ಹಂಚಿದೆ ನೋಡಿ. ಇಡೀ ಸಾಲು ಒಂದೇ ರೀತಿ ಒಣಗಿದ್ದರೆ ಒಂದು ಕಥೆ. ಹತ್ತು ಆರೋಗ್ಯವಾಗಿದ್ದು ನಡುವೆ ಒಂದೊಂದು ಮಾತ್ರ ಒಣಗಿದ್ದರೆ ಬೇರೆ ಕಥೆ, ಅಲ್ಲಿ ಬೆರಕೆಯೋ, ಮುಂದೆ ಹೇಳುವ ಜೋಡಿ ಒಡೆಯುವಿಕೆಯೋ (ಜೀನ್‌ನ ಎರಡು ಪ್ರತಿ ಮುಂದಿನ ತಲೆಮಾರಿನಲ್ಲಿ ಬೇರೆ ಬೇರೆಯಾಗಿ ಹಂಚಿಹೋಗುವುದು) ಇರಬೇಕು. ಒಣಗಿದ ಗಿಡದಿಂದಲೇ, ಅದರಲ್ಲಿ ಹಸಿರಾಗಿ ಉಳಿದ ಹೊಸ ಎಲೆಯಿಂದ, ಮತ್ತೆ ಡಿಎನ್‌ಎ ತೆಗೆಯಿರಿ. ಹಳೇ ಫಲಿತಾಂಶ ನಂಬಿಕೊಂಡು ಕೂರಬೇಡಿ.

ಈಗ ನನ್ನ ಮೀಟಿಂಗಿನ ಕಥೆ. ಆರು ಸಾಲುಗಳಲ್ಲಿ ಮೂರೂ ಜೀನ್ ಇವೆ ಅಂತ ಫಲಿತಾಂಶ ಇತ್ತು, ಆರೂ ಒಣಗಿದವು. ಬೇರೆ ಸಾಲುಗಳಲ್ಲಿ ಜೀನ್ ಇಲ್ಲ ಅಂತ ಬರೆದಿದ್ದು ಹಸಿರಾಗಿ ನಿಂತಿದ್ದವು. ಇದನ್ನು ನೋಡಿಯಾದರೂ ನನಗೆ ಹೊಳೆಯಬೇಕಿತ್ತು. ಆಗಿದ್ದು ಇಷ್ಟೇ: ಗಿಡಗಳ ಡಿಎನ್‌ಎ ಹಾಕುವ 96 ಗುಂಡಿಯ ಪ್ಲೇಟನ್ನು ಯಾರೋ (ನಾನೇ) ಉಲ್ಟಾ ಇಟ್ಟಿದ್ದೆ. ಆ ಪ್ಲೇಟಿನಲ್ಲಿ 8 ಅಡ್ಡ ಸಾಲು, 12 ಉದ್ದ ಸಾಲು. ಅರ್ಧ ಸುತ್ತು ತಿರುಗಿಸಿದರೂ ನೋಡಲು ಅದೇ ಆಕಾರ. ಎ1 ಹೋಗಿ ಎಚ್12 ಆಗುತ್ತದೆ, ಎ2 ಹೋಗಿ ಎಚ್11. ಕಂಟ್ರೋಲ್‌ಗಳನ್ನು (ಫಲಿತಾಂಶ ಮೊದಲೇ ಗೊತ್ತಿರುವ ಮಾದರಿಗಳು) ಬೇರೆ ಟ್ಯೂಬುಗಳಲ್ಲಿ ಮಾಡಿದ್ದರಿಂದ ಅವು ಸರಿಯಾಗೇ ಬಂದವು, ನಾವೂ ಖುಷಿಯಾಗಿ ಮುಂದೆ ಹೋದೆವು. ಈಗ ಪ್ರತಿ ಪ್ಲೇಟಿನ ಒಳಗೇ, ಒಂದು ಮೂಲೆಯ ಹತ್ತಿರ, ಡಿಎನ್‌ಎ ಹಾಕದ ಖಾಲಿ ಗುಂಡಿ ಒಂದು ಇರುತ್ತದೆ. ಖಾಲಿ ಇರಬೇಕಾದಲ್ಲಿ ಬ್ಯಾಂಡ್ ಬಂದು, ಎದುರು ಮೂಲೆಯಲ್ಲಿ ಖಾಲಿ ಕಂಡರೆ ಪ್ಲೇಟ್ ತಿರುಗಿದೆ. ಅಷ್ಟೇ ಅಲ್ಲ, ಪ್ಲೇಟಿನ ಎ1 ಮೂಲೆಗೆ ಕೆಂಪು ಮಾರ್ಕರ್ ಪೆನ್ನಿನ ಗುರುತು ಹಾಕದೆ ಈಗ ನನಗೆ ಕೈಯೇ ಓಡುವುದಿಲ್ಲ.

ಜೆಲ್ ಹೇಳುತ್ತಿರುವುದೇನು

ಎಕ್ಸ್‌ಎ21ಕ್ಕೆ ಎಲ್ಲರೂ ಬಳಸುವುದು ಪಿಟಿಎ248 ಮಾರ್ಕರ್. ಜೀನ್ ಇರುವ ಗಿಡದಲ್ಲಿ ಸುಮಾರು 950–1000 ಬೇಸ್‌ಗಳ ಬ್ಯಾಂಡ್, ಇಲ್ಲದ ಗಿಡದಲ್ಲಿ ಅದಕ್ಕಿಂತ ಸಾಕಷ್ಟು ಚಿಕ್ಕದು, 700ರ ಆಸುಪಾಸು. ಎರಡೂ ದೂರ ದೂರ ಇರುವುದರಿಂದ ಸಾಮಾನ್ಯ ಅಗರೋಸ್ ಜೆಲ್ಲಿನಲ್ಲೇ ಕಣ್ಣಿಗೆ ಬೀಳುತ್ತದೆ. ತೊಂದರೆ ಇರುವುದು ಜೀನ್‌ನ ಒಂದೇ ಪ್ರತಿ ಇರುವ ಗಿಡದಲ್ಲಿ. ಅಲ್ಲಿ ಎರಡೂ ಬ್ಯಾಂಡ್ ಬರಬೇಕು. ಆದರೆ ಪಿಸಿಆರ್‌ಗೆ (ಡಿಎನ್‌ಎ ತುಂಡನ್ನು ನಕಲು ಮಾಡಿ ಹೆಚ್ಚಿಸುವ ವಿಧಾನ) ಚಿಕ್ಕ ತುಂಡಿನ ಮೇಲೆ ಮೋಹ ಜಾಸ್ತಿ. ಡಿಎನ್‌ಎ ಹಳೆಯದಾಗಿದ್ದರೆ ಅಥವಾ ಜಿಗುಟಾಗಿದ್ದರೆ ದೊಡ್ಡ ಬ್ಯಾಂಡ್ ಮಂಕಾಗಿ, ಕೆಲವೊಮ್ಮೆ ಕಾಣದೇ ಹೋಗುತ್ತದೆ. ಜೀನ್ ಇದ್ದ ಗಿಡವನ್ನೇ ಇಲ್ಲ ಅಂತ ಕಿತ್ತು ಬಿಸಾಕಿರುತ್ತೇವೆ.

ಇದನ್ನು ಪರೀಕ್ಷಿಸಲು ಎರಡೂ ತಂದೆ-ತಾಯಿ ತಳಿಗಳ ಡಿಎನ್‌ಎಯನ್ನು ಸಮ ಸಮ ಬೆರೆಸಿ ಒಂದು ಗುಂಡಿಗೆ ಹಾಕಿ. ಅದರಲ್ಲಿ ಎರಡೂ ಬ್ಯಾಂಡ್ ಬರಲಿಲ್ಲ ಅಂದರೆ ಆ ಜೆಲ್ಲಿನ ಯಾವ ಫಲಿತಾಂಶವನ್ನೂ ಬರೆದುಕೊಳ್ಳಬೇಡಿ. ಡಿಎನ್‌ಎಯನ್ನು ಹತ್ತು ಪಟ್ಟು ತೆಳುಮಾಡಿ ಮತ್ತೆ ಮಾಡಿ. ಎಷ್ಟೋ ಸಲ ಜಾಸ್ತಿ ಡಿಎನ್‌ಎ ಹಾಕಿದ್ದೇ ತಪ್ಪಾಗಿರುತ್ತದೆ, ಜೊತೆಗೆ ಬಂದ ಸಕ್ಕರೆ ಅಂಟು ಪಿಸಿಆರ್ ಅನ್ನು ಕಟ್ಟಿಹಾಕಿರುತ್ತದೆ.

ಎಕ್ಸ್‌ಎ13ಕ್ಕೆ ಹಳೆ ಮಾರ್ಕರ್ ಆರ್‌ಜಿ136. ಇದರಲ್ಲಿ ಎರಡು ತೊಡಕು ಇದೆ. ಒಂದು, ಅದು ಜೀನ್‌ನಿಂದ ಸುಮಾರು 3.8 ಸೆಂಟಿಮಾರ್ಗನ್ ದೂರ. ಅಂದರೆ ಒಂದು ತಲೆಮಾರು ದಾಟುವಾಗ 100ರಲ್ಲಿ ಸುಮಾರು 4 ಸಲ ಮಾರ್ಕರ್ ಒಂದು ಕಡೆ, ಜೀನ್ ಇನ್ನೊಂದು ಕಡೆ ಹೋಗುತ್ತದೆ. ನಾಲ್ಕೈದು ಸಲ ಹಿಮ್ಮುಖ ಸಂಕರ (ಹುಟ್ಟಿದ ಗಿಡವನ್ನು ಮತ್ತೆ ಮೂಲ ತಳಿಗೇ ಸಂಕರಿಸುವುದು) ಮಾಡಿದರೆ ಈ ಸೋರಿಕೆ ಕೂಡುತ್ತಾ ಹೋಗುತ್ತದೆ. ಎರಡು, ಪಿಸಿಆರ್ ಆದ ಮೇಲೆ ಹಿನ್ಎಫ್1 ಎನ್ನುವ ಕಿಣ್ವದಿಂದ ಕತ್ತರಿಸಬೇಕು. ಕಿಣ್ವ ಹಳತಾಗಿದ್ದರೆ ಅರ್ಧಂಬರ್ಧ ಕತ್ತರಿಸುತ್ತದೆ, ಎರಡೂ ಪ್ರತಿ ಒಂದೇ ಥರ ಇರುವ ಗಿಡ ಮಿಶ್ರ ಗಿಡದಂತೆ ಕಾಣುತ್ತದೆ. ಎಕ್ಸ್‌ಎ13 ಪ್ರಾಮ್ ಎಂಬ ಮಾರ್ಕರ್ ಬಂದ ಮೇಲೆ ಈ ಎರಡೂ ಕಾಟ ಇಲ್ಲ, ಅದು ಜೀನ್‌ನ ಬದಲಾದ ಜಾಗವನ್ನೇ ಓದುತ್ತದೆ. ಇನ್ನೂ ಆರ್‌ಜಿ136 ಬಳಸುತ್ತಿದ್ದರೆ, ದಯವಿಟ್ಟು ಬಿಟ್ಟುಬಿಡಿ. ಎಕ್ಸ್‌ಎ5ಕ್ಕೆ ಆರ್‌ಎಂ122 ಬಳಸುವವರು ಗಟ್ಟಿ ಜೆಲ್ ಹಾಕಿ ನಿಧಾನಕ್ಕೆ ಓಡಿಸಿ. ಬ್ಯಾಂಡುಗಳು ತೀರಾ ಹತ್ತಿರ ಇರುತ್ತವೆ.

ಒಂದು ಪ್ರತಿಯೋ, ಎರಡೋ?

ಜೆಲ್ ಸರಿ, ಗಿಡ ಸರಿ, ರೋಗವೂ ಅದೇ. ಆದರೂ ಒಣಗಿದೆ. ಆಗ ನಾನು ಕೇಳುವ ಮೊದಲ ಪ್ರಶ್ನೆ: ಇದು ಯಾವ ತಲೆಮಾರು?

ಎಕ್ಸ್‌ಎ13 ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದರೆ ಈ ಪ್ರಶ್ನೆ ಯಾಕೆ ಅಂತ ತಾನಾಗೇ ಗೊತ್ತಾಗುತ್ತದೆ. ಅಂಗಮಾರಿ ಬ್ಯಾಕ್ಟೀರಿಯಾ ಕಳ್ಳನ ಹಾಗೆ ಬೀಗ ಒಡೆಯುವುದಿಲ್ಲ. ಮನೆಯವರ ಕೈಯಿಂದಲೇ ಬಾಗಿಲು ತೆಗೆಸುತ್ತದೆ. ತನ್ನದೊಂದು ಪ್ರೋಟೀನನ್ನು ಭತ್ತದ ಜೀವಕೋಶದೊಳಗೆ ಚುಚ್ಚುತ್ತದೆ. ಆ ಪ್ರೋಟೀನ್ ಹೋಗಿ ಭತ್ತದ್ದೇ ಒಂದು ಜೀನ್‌ನ ಸ್ವಿಚ್ ಮೇಲೆ ಕೂತು ಅದನ್ನು ಆನ್ ಮಾಡುತ್ತದೆ. ಆ ಜೀನ್‌ನ ಕೆಲಸ ಜೀವಕೋಶದಿಂದ ಸಕ್ಕರೆ ಹೊರಗೆ ಬಿಡುವುದು. ಸಕ್ಕರೆ ಹರಿಯುತ್ತದೆ, ಬ್ಯಾಕ್ಟೀರಿಯಾಕ್ಕೆ ಊಟ. ಎಕ್ಸ್‌ಎ13 ಅಂದರೆ ಬೇರೆ ಯಾವುದೋ ಆಯುಧ ಅಲ್ಲ, ಅದೇ ಜೀನ್, ಸ್ವಿಚ್ ಜಾಗ ಮಾತ್ರ ಬದಲಾದದ್ದು. ಬ್ಯಾಕ್ಟೀರಿಯಾದ ಪ್ರೋಟೀನ್ ಅಲ್ಲಿ ಕೂರಲು ಆಗುವುದಿಲ್ಲ.

ಈಗ ಒಂದು ಪ್ರತಿ ಬದಲಾದದ್ದು, ಇನ್ನೊಂದು ಹಳೆಯದು ಇರುವ ಗಿಡ ನೆನೆಸಿಕೊಳ್ಳಿ. ಹಳೆ ಸ್ವಿಚ್ ಹಾಗೇ ಇದೆ. ಬ್ಯಾಕ್ಟೀರಿಯಾ ಅದನ್ನು ಒತ್ತುತ್ತದೆ, ಸಕ್ಕರೆ ಬರುತ್ತದೆ. ಎರಡು ಬಾಗಿಲಲ್ಲಿ ಒಂದಕ್ಕೆ ಚಿಲಕ ಹಾಕಿ ಏನು ಪ್ರಯೋಜನ, ಅಲ್ವಾ? ಎಕ್ಸ್‌ಎ5 ಕೂಡ ಹೀಗೇ. ಅದರಲ್ಲಿ ಬ್ಯಾಕ್ಟೀರಿಯಾದ ಪ್ರೋಟೀನ್ ಜೋತುಬೀಳುವ ಕೊಂಡಿಯೊಂದರಲ್ಲಿ ಒಂದು ಅಮೈನೊ ಆಮ್ಲ ಬದಲಾಗಿರುತ್ತದೆ. ಹಳೆ ಕೊಂಡಿ ಒಂದಿದ್ದರೂ ಅದಕ್ಕೆ ಸಾಕು.

ಹಿಮ್ಮುಖ ಸಂಕರದ ಮೊದಲ ಗಿಡಗಳಲ್ಲಿ ಜೀನ್ ಇದ್ದರೂ ಒಂದೇ ಪ್ರತಿ ಇರುತ್ತದೆ. ಆ ಹಂತದಲ್ಲಿ ಎಕ್ಸ್‌ಎ13, ಎಕ್ಸ್‌ಎ5 ನೋಡಲು ರೋಗ ಹಚ್ಚಿದರೆ ಎಲ್ಲವೂ ಒಣಗುತ್ತವೆ, ಒಣಗಬೇಕು ಕೂಡ. ಒಬ್ಬ ಹುಡುಗಿ ತನ್ನ ಇಡೀ ಹಂಗಾಮಿನ ಗಿಡಗಳಿಗೆ ಹೀಗೆ ರೋಗ ಹಚ್ಚಿ, ಹದಿನೈದು ದಿನ ಆದ ಮೇಲೆ ಅಳು ಮುಖ ಮಾಡಿಕೊಂಡು ಬಂದಿದ್ದಳು. "ಸರ್, ಮಾರ್ಕರ್ ಸುಳ್ಳು ಹೇಳ್ತಿದೆ." ಮಾರ್ಕರ್ ಸುಳ್ಳು ಹೇಳಿರಲಿಲ್ಲ. ಎರಡು ಬ್ಯಾಂಡ್ ಇವೆ ಅಂತ ಸ್ಪಷ್ಟವಾಗಿ ತೋರಿಸಿತ್ತು. ಅವಳು "ನಿರೋಧಕ ಬ್ಯಾಂಡ್ ಇದೆ" ಅಂತ ಮಾತ್ರ ಬರೆದುಕೊಂಡಿದ್ದಳು. ನೋಟ್ ಬುಕ್ಕಿನಲ್ಲಿ "ಇದೆ / ಇಲ್ಲ" ಎಂಬ ಎರಡೇ ಕಾಲಂ ಇಡುವ ಅಭ್ಯಾಸವೇ ಇದಕ್ಕೆಲ್ಲ ಮೂಲ. ಮೂರು ಕಾಲಂ ಬೇಕು: ಎರಡೂ ಪ್ರತಿ, ಒಂದು ಪ್ರತಿ, ಇಲ್ಲ.

ಸ್ವಂತ ಪರಾಗದಿಂದ ಕಾಳು ಕಟ್ಟಿಸಿದ ಮುಂದಿನ ತಲೆಮಾರಿನಲ್ಲಿ ಒಂದೊಂದು ಜೀನ್‌ಗೂ 4ರಲ್ಲಿ 1 ಗಿಡಕ್ಕೆ ಮಾತ್ರ ಎರಡೂ ಪ್ರತಿ ಸಿಗುತ್ತದೆ. ಮೂರೂ ಜೀನ್ ಎರಡೆರಡು ಪ್ರತಿ ಬೇಕೆಂದರೆ 64ರಲ್ಲಿ 1. ಐವತ್ತು ಗಿಡ ಬೆಳೆಸಿ "ಸಿಗಲಿಲ್ಲ" ಅಂದರೆ ಅದು ದೋಷ ಅಲ್ಲ, ಲೆಕ್ಕ. ಅದೇ ರೀತಿ, ಸಾಲಿನಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಗಿಡ ಒಣಗಿ ಕಾಲು ಭಾಗ ಹಸಿರಾಗಿದ್ದರೆ, ಹಿಂದಿನ ತಲೆಮಾರಿನಲ್ಲಿ ನೀವು ಆರಿಸಿದ ಗಿಡ ಒಂದೇ ಪ್ರತಿಯದು. ಬೀಜ ಬೆರಕೆ ಅಂತ ಕಣದವರ ಮೇಲೆ ಕೂಗಾಡಬೇಡಿ.

ಎಕ್ಸ್‌ಎ21: ವಯಸ್ಸು ಕೇಳಿ

ಪ್ರಬಲ ಜೀನ್, ಒಂದು ಪ್ರತಿ ಇದ್ದರೂ ನಡೆಯುತ್ತದೆ. ಆಫ್ರಿಕಾದ ಕಾಡು ಭತ್ತದಿಂದ ಬಂದದ್ದು. 1995ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಪಮೇಲಾ ರೊನಾಲ್ಡ್ ಅವರ ತಂಡ ಇದನ್ನು ಬೇರ್ಪಡಿಸಿತು. ಜೀವಕೋಶದ ಗೋಡೆ ಪಕ್ಕ ಕಿವಿ ಇಟ್ಟು ಕೂತು ಬ್ಯಾಕ್ಟೀರಿಯಾ ಬಂತಾ ಅಂತ ಆಲಿಸುವ ಕಾವಲುಗಾರ ಇದು. ಆದರೆ ಈ ಕಾವಲುಗಾರ ಸಸಿ ವಯಸ್ಸಿನಲ್ಲಿ ಇನ್ನೂ ನಿದ್ದೆಯಲ್ಲಿರುತ್ತಾನೆ. ಎಳೆ ಸಸಿಗೆ ರೋಗ ಹಚ್ಚಿದರೆ ಎಕ್ಸ್‌ಎ21 ಇದ್ದರೂ ಒಣಗುತ್ತದೆ. ಗಿಡ ಬೆಳೆದಂತೆ ತಡೆಯುವ ಶಕ್ತಿ ಏರುತ್ತಾ ಹೋಗಿ, ಬಲಿತ ಗಿಡದಲ್ಲಿ ಪೂರ್ತಿಯಾಗುತ್ತದೆ.

ಜಾಗ ಉಳಿಯುತ್ತದೆ, ಸಮಯ ಉಳಿಯುತ್ತದೆ ಅಂತ ಟ್ರೇಯಲ್ಲಿ ಸಸಿಗಳಿಗೇ ರೋಗ ಹಚ್ಚುವವರು ಇಲ್ಲಿ ಬೀಳುತ್ತಾರೆ. ರೈತರ ಗದ್ದೆಯಲ್ಲೂ ಇದೇ. ನಾಟಿಯಾದ ಕೆಲವೇ ದಿನದಲ್ಲಿ ಜೋರು ಮಳೆ ಗಾಳಿ ಬಂದು ಎಲೆ ಹರಿದು ರೋಗ ಹೊಕ್ಕರೆ, ಎಕ್ಸ್‌ಎ21 ಒಂದೇ ಇರುವ ಸಾಲು ಸೋಲಬಹುದು. ತೆಂಡೆ ತುಂಬುವ ಹೊತ್ತಿಗೆ, 45ರಿಂದ 55 ದಿನದ ಆಸುಪಾಸಿನಲ್ಲಿ, ಮತ್ತೆ ಪರೀಕ್ಷೆ ಮಾಡಿ ನೋಡಿ. ಆಗಲೂ ಸೋತರೆ ಮಾತ್ರ ಮುಂದಿನ ಅನುಮಾನಕ್ಕೆ ಹೋಗಿ.

ಬಿಸಿಯೂ ಆಟ ಆಡಿಸುತ್ತದೆ. ಎಕ್ಸ್‌ಎ4ನಂತಹ ಜೀನ್‌ಗಳ ಬಲ ಸೆಕೆಯಲ್ಲಿ ಕುಗ್ಗುತ್ತದೆ, ಎಕ್ಸ್‌ಎ7 ಮಾತ್ರ ಸೆಕೆಯಲ್ಲೇ ಚುರುಕಾಗುತ್ತದೆ. ಬೇಸಿಗೆ ಬೆಳೆಯ ಫಲಿತಾಂಶವನ್ನು ಮುಂಗಾರಿನದರ ಪಕ್ಕ ಇಟ್ಟು ಹೋಲಿಸುವ ಮುನ್ನ ಇದು ನೆನಪಿರಲಿ.

ಕತ್ತರಿ ಮತ್ತು ಬ್ಯಾಕ್ಟೀರಿಯಾ

ರೋಗ ಹಚ್ಚುವುದು ಅಂದರೆ ಬ್ಯಾಕ್ಟೀರಿಯಾ ಕದಡಿದ ನೀರಿನಲ್ಲಿ ಕತ್ತರಿ ಅದ್ದಿ ಎಲೆ ತುದಿ ಎರಡು ಮೂರು ಸೆಂಟಿಮೀಟರ್ ಕತ್ತರಿಸುವುದು. ಕೇಳಲು ಸುಲಭ. ಕದಡಿದ ನೀರಿನಲ್ಲಿ ಪ್ರತಿ ಮಿಲಿಲೀಟರಿಗೆ 10 ಕೋಟಿಯಿಂದ 100 ಕೋಟಿ ಬ್ಯಾಕ್ಟೀರಿಯಾ ಇರಬೇಕು. ಎರಡು ಮೂರು ದಿನದ ಹೊಸ ಬೆಳವಣಿಗೆಯಿಂದ ಮಾಡಿರಬೇಕು. ಬಿಸಿಲು ಇಳಿದ ಮೇಲೆ ಮಾಡಬೇಕು. ಪ್ರತಿ ಗಿಡಕ್ಕೂ ಕತ್ತರಿ ಮತ್ತೆ ಅದ್ದಬೇಕು. ಇಲ್ಲದಿದ್ದರೆ ಸಾಲಿನ ಮೊದಲ ಗಿಡಕ್ಕೆ ರೋಗ, ಕೊನೆಯದಕ್ಕೆ ಬರೀ ಗಾಯ.

14–15ನೇ ದಿನ ಒಣಗಿದ ಭಾಗದ ಉದ್ದ ಅಳೆಯಿರಿ. 5 ಸೆಂ.ಮೀ. ಒಳಗೆ ನಿಂತಿದ್ದರೆ ನಿರೋಧಕ, 15 ದಾಟಿದರೆ ಸೋತಿದೆ. ನಡುವಿನದಕ್ಕೆ ಆತುರದ ತೀರ್ಪು ಬೇಡ. ಬರೀ ನೀರಿನಲ್ಲಿ ಅದ್ದಿದ ಕತ್ತರಿಯಿಂದಲೂ ಕೆಲವು ಎಲೆ ಕತ್ತರಿಸಿಡಿ. ಗಾಯದ ಅಂಚು ಸುಮ್ನೆ ಒಣಗುವುದನ್ನೂ ರೋಗ ಅಂತ ಅಳೆದುಬಿಡುವುದುಂಟು. ರೋಗಕ್ಕೆ ಸಲೀಸಾಗಿ ತುತ್ತಾಗುವ ಟಿಎನ್1 ತಳಿ ಪಕ್ಕದಲ್ಲೇ ಇರಲಿ. ಅದೇ ಒಣಗಲಿಲ್ಲ ಅಂದರೆ ನಿಮ್ಮ ಬ್ಯಾಕ್ಟೀರಿಯಾ ಸತ್ತಿದೆ ಅಥವಾ ಸೊರಗಿದೆ. ಪ್ಲೇಟಿನಿಂದ ಪ್ಲೇಟಿಗೆ ಬದಲಿಸುತ್ತಾ ತಿಂಗಳುಗಟ್ಟಲೆ ಇಟ್ಟರೆ ಅದು ರೋಗ ತರುವ ಕಸುವನ್ನೇ ಕಳೆದುಕೊಳ್ಳುತ್ತದೆ.

ಮತ್ತೆ ಲೇಬಲ್. ಇದರಲ್ಲಿ ನನ್ನಂಥವರಷ್ಟೇ ಬಿದ್ದಿಲ್ಲ. ಎಕ್ಸ್‌ಎ21 ಬ್ಯಾಕ್ಟೀರಿಯಾದ ಯಾವ ಅಣುವನ್ನು ಗುರುತು ಹಿಡಿಯುತ್ತದೆ ಅಂತ ರೊನಾಲ್ಡ್ ಅವರ ತಂಡ 2009ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದಿತ್ತು. ಪ್ರಯೋಗಾಲಯಕ್ಕೆ ಬಂದ ಹೊಸಬರು ಅದೇ ಪ್ರಯೋಗ ಮಾಡಿದಾಗ ಅದೇ ಫಲಿತಾಂಶ ಬರಲಿಲ್ಲ. ಹುಡುಕಿದಾಗ ಬ್ಯಾಕ್ಟೀರಿಯಾ ಸಂಗ್ರಹದಲ್ಲೇ ಲೇಬಲ್ ಅದಲುಬದಲಾಗಿದ್ದು ಸಿಕ್ಕಿತು. 2013ರಲ್ಲಿ ತಾವೇ ಮುಂದಾಗಿ ಪ್ರಬಂಧ ವಾಪಸ್ ಪಡೆದು, ಆದದ್ದನ್ನು ಬಹಿರಂಗವಾಗಿ ಹೇಳಿದರು. ಸರಿಯಾದ ಅಣು, ರ‍್ಯಾಕ್ಸ್‌ಎಕ್ಸ್, 2015ರಲ್ಲಿ ಪ್ರಕಟವಾಯಿತು. ಅಂಥ ಕಡೆಯೇ ಟ್ಯೂಬ್ ಅದಲುಬದಲಾಗುತ್ತದೆ ಅಂದಮೇಲೆ ನಮ್ಮ ಫ್ರಿಜ್ಜಿನ ಮೂರನೇ ಖಾನೆಯನ್ನು ಒಮ್ಮೆ ತೆಗೆದು ನೋಡಬಾರದಾ?

ಇಷ್ಟೆಲ್ಲ ಆದ ಮೇಲೆ, ಜೀನ್

ಮೇಲಿನ ಯಾವುದರಲ್ಲೂ ತಪ್ಪು ಸಿಗಲಿಲ್ಲ. ಈಗ ಬ್ಯಾಕ್ಟೀರಿಯಾ ನಿಜವಾಗಿಯೂ ಬೇರೆ ಇರಬಹುದು ಅಂತ ಯೋಚಿಸಬಹುದು. ಎಕ್ಸ್‌ಎ21 ಒಂದನ್ನೇ ಮೀರಿಸುವ ಬ್ಯಾಕ್ಟೀರಿಯಾ ಭಾರತದಲ್ಲಿ ಸಿಕ್ಕಿವೆ. ಎಕ್ಸ್‌ಎ13 ಮುಚ್ಚಿದ ಬಾಗಿಲು ಬಿಟ್ಟು, ಪಕ್ಕದ ಇನ್ನೊಂದು ಸಕ್ಕರೆ ಬಾಗಿಲಿನ ಸ್ವಿಚ್ ಒತ್ತುವವೂ ಇವೆ. ಮೂರು ಜೀನ್ ಒಟ್ಟಿಗೆ ಹಾಕುವುದೇ ಈ ಕಾರಣಕ್ಕೆ, ಒಂದು ತಪ್ಪಿದರೆ ಇನ್ನೊಂದು ಹಿಡಿಯಲಿ ಅಂತ.

ಇದನ್ನು ಖಚಿತ ಮಾಡುವ ದಾರಿ ಒಂದೇ. ಒಣಗುತ್ತಿರುವ ಗಿಡದಿಂದಲೇ ಬ್ಯಾಕ್ಟೀರಿಯಾ ಬೇರ್ಪಡಿಸಿ. ಹಳದಿ, ಲೋಳೆ ಲೋಳೆಯಾದ ಗುಂಡನೆ ವಸಾಹತು ಬರುತ್ತದೆ. ಒಂದೇ ವಸಾಹತಿನಿಂದ ಬೆಳೆಸಿ, ಐಆರ್24 ತಳಿಯಲ್ಲಿ ಒಂದೊಂದೇ ಜೀನ್ ಇರುವ ಐಆರ್‌ಬಿಬಿ5, ಐಆರ್‌ಬಿಬಿ13, ಐಆರ್‌ಬಿಬಿ21 ಸಾಲುಗಳಿಗೆ ಹಚ್ಚಿ. ಜೊತೆಗೆ ನಾಲ್ಕು ಜೀನ್ ಇರುವ ಐಆರ್‌ಬಿಬಿ60, ಏನೂ ಇಲ್ಲದ ಐಆರ್24. ಐಆರ್‌ಬಿಬಿ21 ಮತ್ತು ಐಆರ್24 ಮಾತ್ರ ಸೋತು ಉಳಿದವು ನಿಂತರೆ ಎಕ್ಸ್‌ಎ21 ಅನ್ನು ಮೀರಿಸಿದೆ. ಐಆರ್‌ಬಿಬಿ ಸಾಲುಗಳೆಲ್ಲ ನಿಂತು ನಿಮ್ಮ ಸಾಲು ಮಾತ್ರ ಸೋತರೆ, ಬೇಜಾರಾದರೂ ಸರಿ, ಬೀಜ ಮತ್ತು ಪ್ಲೇಟಿನ ಕಡೆ ವಾಪಸ್ ಹೋಗಿ. ಎಲ್ಲವೂ ಸೋತರೆ ಕದಡಿದ ನೀರು ತೀರಾ ಗಟ್ಟಿಯಾಗಿತ್ತಾ ಅಂತ ನೋಡಿ, ಅಲ್ಲ ಅಂತ ಖಾತ್ರಿಯಾದ ಮೇಲೆ ಬೇರೆಯವರಿಗೆ ಹೇಳಿ.

ಇದಕ್ಕೆಲ್ಲ ಎಲೆ ಬೇಕು. ಗಿಡ ಒಣಗುತ್ತಿರುವುದು ಕಂಡ ದಿನವೇ ಗಡಿ ಭಾಗದ ಎಲೆ ಏಳೆಂಟು ಕತ್ತರಿಸಿ ಪೇಪರ್ ಕವರಿನಲ್ಲಿ ಹಾಕಿ, ಮೇಲೆ ಸಾಲಿನ ನಂಬರು, ತಾರೀಖು, ನಾಟಿಯಾಗಿ ಎಷ್ಟು ದಿನ ಅಂತ ಪೆನ್ಸಿಲ್ಲಿನಲ್ಲಿ ಬರೆಯಿರಿ. ಇಂಕ್ ಪೆನ್ನು ಗದ್ದೆ ನೀರಿಗೆ ಕದಡುತ್ತದೆ. ಪ್ಲಾಸ್ಟಿಕ್ ಕವರ್ ಬೇಡ, ಸಂಜೆಯೊಳಗೆ ಬೆವರಿ ಎರಡು ದಿನಕ್ಕೆ ಬೂಸ್ಟು ಹಿಡಿದಿರುತ್ತದೆ.